ಕುರೆಕುಪ್ಪದ ಎಪ್ಪತ್ತೊಂದು ಸ್ಲೈಡುಗಳು

ಕಂಪ್ಲಿಯ ಅಕ್ಕಿ ಗಿರಣಿಗಳಲ್ಲಿ ಹಿಂದೆ ಹೆಂಗಸರಿಗೆಂದೇ ಮೀಸಲಾದ ಒಂದು ಕೆಲಸವಿತ್ತು. ಗಿರಣಿಯಿಂದ ಇಳಿದ ಅಕ್ಕಿಯನ್ನು ಮೊರದ ಮೇಲೆ ತೆಳುವಾಗಿ ಹರಡಿಕೊಂಡು ಕಲ್ಲು, ನೆಲ್ಲು, ಕಪ್ಪು ಕಾಳು ಆರಿಸುವುದು. ಹೊಳೆಮ್ಮ ಆ ಕೆಲಸವನ್ನು ಮೂವತ್ತು ವರ್ಷ ಮಾಡಿದರು. ಅವರ ಮಗಳು ಸುಂಕಮ್ಮ ಶಾಲೆ ಬಿಟ್ಟೊಡನೆ ಪಾಟಿಚೀಲದ ಸಮೇತ ಗಿರಣಿಗೆ ಬಂದು, ಅವ್ವನ ಪಕ್ಕ ಕೂತು ತಾನೂ ಒಂದು ಮೊರ ಎಳೆದುಕೊಳ್ಳುತ್ತಿದ್ದಳು. ಮೊದಮೊದಲು ಕಲ್ಲುಗಳೆಲ್ಲ ಅವಳ ಕಣ್ಣು ತಪ್ಪಿಸಿಕೊಂಡು ಹೋಗುತ್ತಿದ್ದವು. ಆಗ ಹೊಳೆಮ್ಮ ಒಂದು ಮಾತು ಹೇಳಿಕೊಟ್ಟಿದ್ದರು. ಕಲ್ಲು ಹುಡುಕಬ್ಯಾಡ, ಅಕ್ಕಿ ನೋಡ್ಕೊಂತ ಹೋಗು. ಅಕ್ಕಿ ಅಲ್ಲದ್ದು ತಾನೇ ಎದ್ದು ಕಾಣತೈತಿ.

ಸುಂಕಮ್ಮನವರಿಗೆ ಈಗ ಐವತ್ತನಾಲ್ಕು. ಇಪ್ಪತ್ತಾರು ವರ್ಷಗಳಿಂದ ಹೊಸಪೇಟೆಯ ಟ್ರಸ್ಟ್ ಒಂದರ ರಕ್ತನಿಧಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಮೊರದ ಜಾಗಕ್ಕೆ ಸೂಕ್ಷ್ಮದರ್ಶಕ ಬಂದಿದೆ, ಅಕ್ಕಿಯ ಜಾಗಕ್ಕೆ ರಕ್ತ. ನೋಡುವ ರೀತಿ ಮಾತ್ರ ಬದಲಾಗಿಲ್ಲ. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ರಕ್ತವನ್ನು ದಪ್ಪಗೆ ಸವರಿ, ಒಣಗಿಸಿ, ನೇರಳೆ ಬಣ್ಣ ಹಾಕಿ, ಎಣ್ಣೆಯ ಹನಿಯೊಂದನ್ನು ಇಟ್ಟು ನೋಡತೊಡಗುತ್ತಾರೆ. ಕಣ್ಣಿಗೆ ಒಮ್ಮೆಗೆ ಕಾಣುವ ದುಂಡಗಿನ ಜಾಗವನ್ನು ಲ್ಯಾಬಿನಲ್ಲಿ ಫೀಲ್ಡ್ ಎನ್ನುತ್ತಾರೆ. ಇನ್ನೂರು ಫೀಲ್ಡ್ ನೋಡಿ ಮುಗಿಯುವ ತನಕ ಸುಂಕಮ್ಮ ಯಾವ ಸ್ಲೈಡಿಗೂ ‘ಮಲೇರಿಯಾ ಇಲ್ಲ’ ಎಂದು ಬರೆಯುವುದಿಲ್ಲ. ಒಂದು ಸ್ಲೈಡಿಗೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ಎಡಗೈ ಎತ್ತಿ ತಡೆಯುತ್ತಾರೆ. ಆ ಎಡಗೈಗೆ ಟ್ರಸ್ಟಿನ ಕಾರ್ಯದರ್ಶಿಯೂ ಒಂದೇ, ಚಹಾ ತರುವವನೂ ಒಂದೇ.

ಇಷ್ಟೆಲ್ಲ ಇದ್ದೂ ಒಮ್ಮೆ ತಪ್ಪಾಯಿತು.

ಅದಕ್ಕೂ ನಾಲ್ಕು ವರ್ಷ ಮೊದಲು ರಕ್ತನಿಧಿಗೆ ಕಾರ್ಡು ಪರೀಕ್ಷೆ ಬಂದಿತ್ತು. ಬೆರಳುದ್ದದ ಪ್ಲಾಸ್ಟಿಕ್ ಕಾರ್ಡು. ಒಂದು ಹನಿ ರಕ್ತ ಹಾಕಿದರೆ ಕಾಲು ಗಂಟೆಯಲ್ಲಿ ಗೆರೆ ಮೂಡುತ್ತದೆ. ಒಂದು ಗೆರೆ ಬಂದರೆ ಮಲೇರಿಯಾ ಇಲ್ಲ, ಎರಡು ಬಂದರೆ ಇದೆ. ಅರವತ್ತು ಜನರ ಪರೀಕ್ಷೆಯನ್ನು ಒಟ್ಟಿಗೆ ಮುಗಿಸಬಹುದು. ಸ್ಲೈಡು ನೋಡುವುದು ಕಡ್ಡಾಯವಲ್ಲವೆಂದು ಆದೇಶವಾಯಿತು. ಸುಂಕಮ್ಮ ಎದುರು ಮಾತಾಡಲಿಲ್ಲ. ಆದರೆ ಪ್ರತಿಯೊಬ್ಬ ದಾನಿಯ ರಕ್ತದಿಂದಲೂ ಒಂದು ಸ್ಲೈಡು ಮಾಡಿ, ಬಣ್ಣ ಹಾಕಿ, ಮರದ ಪೆಟ್ಟಿಗೆಯಲ್ಲಿ ಜೋಡಿಸಿಡುವ ರೂಢಿಯನ್ನು ಬಿಡಲಿಲ್ಲ. ಬಿಡುವಾದಾಗ ಒಂದೊಂದಾಗಿ ತೆಗೆದು ನೋಡುತ್ತಿದ್ದರು.

2022ರ ಆಗಸ್ಟ್‌ನಲ್ಲಿ ಬಿಡುವು ಸಿಗಲಿಲ್ಲ. ಕುರೆಕುಪ್ಪದಲ್ಲಿ ಉಕ್ಕಿನ ಕಾರ್ಖಾನೆಯ ಕಾರ್ಮಿಕರು ತಂಗುವ ಶೆಡ್ಡುಗಳಲ್ಲಿ ಭಾನುವಾರ ಶಿಬಿರ ನಡೆದು ಅರವತ್ತನಾಲ್ಕು ಚೀಲ ರಕ್ತ ಬಂದಿತ್ತು. ಅರವತ್ತನಾಲ್ಕು ಕಾರ್ಡಿನಲ್ಲೂ ಒಂದೇ ಗೆರೆ. ಮರುದಿನದಿಂದ ಊರಲ್ಲಿ ಡೆಂಗಿ ಏರಿತು, ಪ್ಲೇಟ್‌ಲೆಟ್ ಕೇಳಿಕೊಂಡು ಬಾಗಿಲಲ್ಲಿ ಜನ. ಶಿಬಿರದ ಸ್ಲೈಡುಗಳು ಪೆಟ್ಟಿಗೆಯಲ್ಲೇ ಉಳಿದವು. ಚೀಲಗಳು ಸುಂಕಮ್ಮನವರ ಸಹಿ ಹೊತ್ತು ಹೊರಗೆ ಹೋದವು.

ಅವುಗಳಲ್ಲೊಂದು ಬುಕ್ಕಸಾಗರದ ಹಂಪಮ್ಮನವರಿಗೆ ಹೋಯಿತು. ಬಾಳೆ ತೋಟದ ಕೆಲಸ ಮುಗಿಸಿ ಬರುವಾಗ ಆಟೊ ಮಗುಚಿ ಅವರ ತೊಡೆಯ ಮೂಳೆ ಮುರಿದಿತ್ತು. ರಕ್ತ ಬಹಳ ಹೋಗಿತ್ತು. ಅವರದು ಓ ನೆಗೆಟಿವ್. ಈ ಭಾಗದಲ್ಲಿ ನೂರು ಜನರಲ್ಲಿ ಇಬ್ಬರು ಮೂವರಿಗೆ ಇರುವ ಗುಂಪು. ಇದ್ದದ್ದು ಒಂದೇ ಚೀಲ. ಅದರಲ್ಲೇ ಜೀವ ಉಳಿಯಿತು. ಹನ್ನೆರಡನೆಯ ದಿನಕ್ಕೆ ಅವರಿಗೆ ನಡುಕದ ಜ್ವರ ಬಂತು. ಆಸ್ಪತ್ರೆಯವರು ಪರೀಕ್ಷಿಸಿ ಮಲೇರಿಯಾ ಎಂದರು. ವೈವ್ಯಾಕ್ಸ್ ಎಂಬ ಜಾತಿಯದು. ಜೊತೆಗೆ, ರಕ್ತ ಕೊಟ್ಟವರನ್ನು ಒಮ್ಮೆ ಪರಿಶೀಲಿಸಿ ಎಂದು ರಕ್ತನಿಧಿಗೆ ಫೋನು ಮಾಡಿದರು.

ಸುಂಕಮ್ಮ ಪೆಟ್ಟಿಗೆ ತೆರೆದು ಆ ಚೀಲದ ನಂಬರಿನ ಸ್ಲೈಡು ತೆಗೆದರು. ನೂರು ಫೀಲ್ಡ್ ನೋಡಿದರು, ಏನೂ ಇಲ್ಲ. ನೂರೈವತ್ತಾಯಿತು. ನೂರ ಅರವತ್ತೆಂಟನೆಯದರಲ್ಲಿ, ನೇರಳೆ ಚುಕ್ಕಿಗಳ ನಡುವೆ, ಅಲ್ಲಿರಬಾರದ ಏನೋ ಒಂದು ಕಂಡಿತು. ಕೆಂಪು ಚುಕ್ಕೆ ಇಟ್ಟ ನೀಲಿ ಉಂಗುರ. ಮುಂದೆ ಇನ್ನೊಂದು. ಅವರು ಕಣ್ಣು ತೆಗೆದು, ಕನ್ನಡಕ ಒರೆಸಿ, ಮತ್ತೆ ನೋಡಿದರು. ಆಮೇಲೆ ಎದ್ದುಹೋಗಿ ವೈದ್ಯಾಧಿಕಾರಿ ಡಾ. ಶೈಲಜಾ ಅವರ ಮೇಜಿನ ಮೇಲೆ ಸ್ಲೈಡು ಇಟ್ಟರು.

“ಇದು ನನ್ನ ಪೆಟ್ಟಿಗ್ಯಾಗ ಎರಡು ವಾರ ಇತ್ರೀ ಮೇಡಂ. ನಾನು ನೋಡಲಿಲ್ಲ.”

ಕಾರ್ಡು ಕಂಪನಿಯ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಸ್ಲೈಡು ನೋಡಬೇಕೆಂಬ ನಿಯಮವೇ ಇರಲಿಲ್ಲ. ಶೈಲಜಾ ಅದನ್ನೇ ಹೇಳಿದರು. ಸುಂಕಮ್ಮ ಕೇಳಿಸಿಕೊಂಡರು, ಒಪ್ಪಲಿಲ್ಲ. ಅದೇ ಸಂಜೆ ಆಸ್ಪತ್ರೆಗೆ ಹೋಗಿ ಹಂಪಮ್ಮನವರ ಮಂಚದ ಪಕ್ಕ ನಿಂತು, ಜ್ವರ ನಮ್ಮ ಚೀಲದಿಂದ ಬಂದಿದೆ, ಆ ಚೀಲವನ್ನು ಬಿಟ್ಟದ್ದು ನಾನು ಎಂದರು. ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ಹಂಪಮ್ಮ ಅವರತ್ತ ಕತ್ತು ತಿರುಗಿಸಿದರು.

“ಆ ಚೀಲ ಇರದಿದ್ರ ಜ್ವರ ಬರಾಕ ನಾನಾರ ಎಲ್ಲಿರ್ತಿದ್ದೆನವ್ವ?” ಎಂದರು. “ಜ್ವರಕ್ಕ ಗುಳಿಗಿ ಕೊಟ್ಟಾರ. ರಕ್ತಕ್ಕ ಯಾವ ಗುಳಿಗಿ ಐತಿ? ನಿಮ್ಮ ಕ್ಯಾಂಪ್ ಇದ್ದಾಗ ಹೇಳಿಕಳಿಸ್ರಿ. ರಕ್ತ ಕೊಡೋರಿಗೆ ನಮ್ಮ ತ್ವಾಟದ ಬಾಳಿಹಣ್ಣು ತಂದು ಕೊಡ್ತೀನಿ.”

ಜ್ವರ ಒಂದು ವಾರದಲ್ಲಿ ಇಳಿಯಿತು. ಮಾತು ಅಲ್ಲಿಗೆ ಇಳಿಯಲಿಲ್ಲ. ಟ್ರಸ್ಟಿನ ಕಾರ್ಯದರ್ಶಿ ಸಿದ್ದಲಿಂಗೇಶ್ ಸಭೆ ಕರೆದು, ಇನ್ನು ಮುಂದೆ ಕುರೆಕುಪ್ಪದ ಶೆಡ್ಡುಗಳಿಂದ ರಕ್ತ ತೆಗೆದುಕೊಳ್ಳುವುದು ಬೇಡ ಎಂದು ತೀರ್ಮಾನಿಸಿದರು. ಕೆಟ್ಟ ಮನುಷ್ಯರಲ್ಲ. ಇನ್ನೊಬ್ಬ ಹಂಪಮ್ಮ ಆಗಬಾರದೆಂಬುದು ಅವರ ವಾದ. ಮಳೆಗಾಲದಲ್ಲಿ ಆ ಕಡೆ ಹೊಂಡಗಳಲ್ಲಿ ನೀರು ನಿಲ್ಲುತ್ತದೆ, ಸೊಳ್ಳೆ ಹೆಚ್ಚು, ಜನ ಎಲ್ಲೆಲ್ಲಿಂದಲೋ ಬಂದವರು. ಕಂಪ್ಲಿ, ಹೊಸಪೇಟೆಯ ದಾನಿಗಳು ಸಾಕು.

ಸಾಕಾಗುವುದಿಲ್ಲ ಎಂಬುದು ಸುಂಕಮ್ಮನವರಿಗೆ ಗೊತ್ತಿತ್ತು. ರಕ್ತನಿಧಿಗೆ ಬರುವ ಆರು ಚೀಲಗಳಲ್ಲಿ ಒಂದು ಆ ಶೆಡ್ಡುಗಳದು. ಇನ್ನೊಂದು ವಿಷಯವೂ ಅವರನ್ನು ಕೊರೆಯುತ್ತಿತ್ತು. ತಪ್ಪು ತಮ್ಮದು, ಶಿಕ್ಷೆ ಶೆಡ್ಡಿನವರಿಗೆ.

ಸಿದ್ದಲಿಂಗೇಶ್ ಅವರದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಹೊಳೆಮ್ಮ ಮೂವತ್ತು ವರ್ಷ ಕೂತು ಕಲ್ಲು ಆರಿಸಿದ್ದು ಅದೇ ಗಿರಣಿಯಲ್ಲಿ, ಅವರ ತಂದೆಯ ಕಾಲದಲ್ಲಿ. ಹಾಗಾಗಿ ಅವರು ಸುಂಕಮ್ಮನವರನ್ನು ಅಕ್ಕ ಎನ್ನುತ್ತಾರೆ. ಇವರು ಅವರನ್ನು ಸಾವ್ಕಾರ್ರೆ ಎನ್ನುತ್ತಾರೆ. ಸಭೆಯ ಮರುದಿನ ಅವರು ಲ್ಯಾಬಿಗೆ ಬಂದಾಗ ಸುಂಕಮ್ಮ ಆ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ನೋಡಿ ಎಂದರು. ಸಿದ್ದಲಿಂಗೇಶ್ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ, ಕನ್ನಡಕ ತೆಗೆದು, ಹಾಕಿ ನೋಡಿದರು. ನೇರಳೆ ಹೊಲಸು ಬಿಟ್ಟರೆ ಏನೂ ಕಾಣುತ್ತಿಲ್ಲ ಎಂದರು. ಅದು ಕಂಡರೇನಾಯಿತು, ಕಾರ್ಡಿಗಿಂತ ಮನುಷ್ಯರ ಕಣ್ಣು ಹೆಚ್ಚೇ ಎಂದೂ ಕೇಳಿದರು.

“ಸಾವ್ಕಾರ್ರೆ, ನಿಮ್ಮ ಗಿರಣ್ಯಾಗ ಸಾರ್ಟೆಕ್ಸ್ ಮಷಿನ್ ಬಂದು ಎಷ್ಟು ವರ್ಷ ಆತು?”

“ಹತ್ತು ಆಗಿರಬೇಕು. ಯಾಕಕ್ಕ?”

“ಕಪ್ಪು ಕಾಳು ಅದೇ ನೋಡಿ ಹಾರಿಸತೈತಿ. ಮತ್ತ ಬೆಲ್ಟಿನ ಕಡೀಗೆ ಇಬ್ರು ಹೆಣ್ಮಕ್ಕಳನ್ನ ಯಾಕ ಕುಂದ್ರಿಸೀರಿ?”

ಹೊರಗಡೆಗೆ ಹೋಗುವ ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕರೂ ಇಡೀ ಲಾರಿ ವಾಪಸ್ ಬರುತ್ತದೆ ಎಂಬುದು ಸಿದ್ದಲಿಂಗೇಶ್ ಅವರಿಗೆ ಗೊತ್ತು. ನಕ್ಕರು. “ನಿಮ್ಮವ್ವನೂ ಹಿಂಗ. ನಮ್ಮಪ್ಪನ ಬಾಯಿ ಮುಚ್ಚಿಸ್ತಿದ್ಳು.”

ಶೆಡ್ಡುಗಳಿಗೆ ಆರು ತಿಂಗಳ ಅವಕಾಶ ಸಿಕ್ಕಿತು. ಷರತ್ತು ಬಿಗಿಯಾಗಿತ್ತು. ಯಾವ ಊರಿನ ದಾನಿಯಾಗಲಿ, ಸ್ಲೈಡು ನೋಡದೆ ಒಂದು ಚೀಲವೂ ಹೊರಗೆ ಹೋಗಕೂಡದು. ಕುರೆಕುಪ್ಪದ ಒಂದು ಚೀಲದಲ್ಲಿ ಮತ್ತೆ ತಪ್ಪಾದರೆ ಆ ಬಾಗಿಲು ಖಾಯಂ ಮುಚ್ಚುತ್ತದೆ.

ಸುಂಕಮ್ಮ ಕಿರಿಯ ಟೆಕ್ನಿಷಿಯನ್ ಪೂಜಿತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಒಬ್ಬರು ನೋಡಿದ್ದನ್ನು ಅನುಮಾನ ಬಂದಲ್ಲಿ ಇನ್ನೊಬ್ಬರು ನೋಡುವುದು. ಪೂಜಿತಾ ಮೊದಲ ವಾರ, ಕಣ್ಣು ಮುಚ್ಚಿದರೂ ನೇರಳೆ ಬಣ್ಣವೇ ಕಾಣುತ್ತದೆ, ನಮ್ಮನೆಯ ಬದನೆಕಾಯಿಯನ್ನೂ ನೋಡಲಾಗುತ್ತಿಲ್ಲ ಎಂದು ಗೊಣಗಿದಳು. ಎರಡನೆಯ ತಿಂಗಳಲ್ಲಿ, ಕಾರ್ಡು ಬಿಟ್ಟಿದ್ದ ಒಂದನ್ನು ಅವಳೇ ಹಿಡಿದಳು. ಅಂದಿನಿಂದ ಗೊಣಗಾಟ ನಿಂತಿತು.

ಆರು ತಿಂಗಳಲ್ಲಿ ಎರಡು ಸಾವಿರದ ಮುನ್ನೂರ ಹದಿನೆಂಟು ದಾನಿಗಳು. ಹತ್ತು ಜನರ ರಕ್ತದಲ್ಲಿ ಮಲೇರಿಯಾ. ಹತ್ತರಲ್ಲಿ ಕಾರ್ಡು ಹಿಡಿದದ್ದು ಮೂರನ್ನು ಮಾತ್ರ. ಉಳಿದ ಏಳೂ ಸ್ಲೈಡಿನಲ್ಲಿ ಸಿಕ್ಕಿದವು. ಹತ್ತು ಚೀಲಗಳೂ ಹೊರಗೆ ಹೋಗಲಿಲ್ಲ. ಇಲ್ಲಿಯವರೆಗೆ ಲೆಕ್ಕ ಸುಂಕಮ್ಮನವರ ಪರವಾಗಿತ್ತು. ಆದರೆ ಹತ್ತರಲ್ಲಿ ಒಂಬತ್ತು ಕುರೆಕುಪ್ಪದ ಶೆಡ್ಡುಗಳವು. ಅಲ್ಲಿಂದ ಬಂದ ದಾನಿಗಳು ನಾನೂರ ಆರು. ಅಂದರೆ ನೂರಕ್ಕೆ ಇಬ್ಬರಿಗಿಂತ ಸ್ವಲ್ಪ ಹೆಚ್ಚು. ಉಳಿದ ಊರುಗಳ ಸಾವಿರದ ಒಂಬೈನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬನೇ ಒಬ್ಬ.

ಸಿದ್ದಲಿಂಗೇಶ್ ಹಾಳೆಯನ್ನು ಎರಡು ಸಲ ಓದಿ, ಮಡಿಸಿ, ನಿಧಾನವಾಗಿ ಕೇಳಿದರು. “ನಾ ಹೇಳಿದ್ದೂ ಇದೇ ಅಲ್ಲೇನಕ್ಕ?”

ಸುಂಕಮ್ಮನವರ ಬಳಿ ಇದ್ದದ್ದು ಒಂದು ಪ್ರಶ್ನೆ. ಕುರೆಕುಪ್ಪದ ಊರೊಳಗಿನ ದಾನಿಗಳ ಸ್ಲೈಡುಗಳನ್ನೂ ಅವರು ನೋಡಿದ್ದರು. ಅದೇ ಹೊಂಡ, ಅದೇ ಸೊಳ್ಳೆ. ಅವರಲ್ಲಿ ಒಬ್ಬರಿಗೂ ಇರಲಿಲ್ಲ. ಶೆಡ್ಡಿನವರಿಗೆ ಮಾತ್ರ ಯಾಕೆ? ಮುಂದಿನ ಮಳೆಗಾಲದ ತನಕ ಕಾಯಿರಿ ಎಂದು ಕೇಳಿಕೊಂಡರು. ಅಲ್ಲಿಯ ತನಕ ಶೆಡ್ಡುಗಳ ಶಿಬಿರ ಬಂದ್ ಎಂಬ ಷರತ್ತಿನ ಮೇಲೆ ಕಾರ್ಯದರ್ಶಿ ಒಪ್ಪಿದರು.

ಮಾರ್ಚಿನ ಒಂದು ಭಾನುವಾರ ಬೆಳಿಗ್ಗೆ ಸುಂಕಮ್ಮ ಬಸ್ಸು ಹಿಡಿದು ಕುರೆಕುಪ್ಪಕ್ಕೆ ಹೋದರು. ಶೆಡ್ಡುಗಳಲ್ಲಿ ಅವರಿಗೆ ಪರಿಚಯವಿದ್ದದ್ದು ಹೊನ್ನೂರುಸ್ವಾಮಿ. ಕ್ರೇನ್ ಆಪರೇಟರ್, ಮೂವತ್ತಮೂರರ ಗಟ್ಟಿ ಆಳು. ರಕ್ತದಾನದ ಶಿಬಿರ ಅಂದರೆ ಶೆಡ್ಡು ಶೆಡ್ಡಿಗೆ ಹೋಗಿ ಜನರನ್ನು ಎಬ್ಬಿಸಿ ತರುವವನು. ಅವನ ಗುಂಪು ಓ ನೆಗೆಟಿವ್. ಇಪ್ಪತ್ತೊಂದು ಸಲ ಕೊಟ್ಟಿದ್ದ. ಹಂಪಮ್ಮನವರಿಗೆ ಹೋದದ್ದು ಆ ಇಪ್ಪತ್ತೊಂದನೆಯ ಚೀಲ. ಸ್ಲೈಡು ನೋಡಿದ ವಾರವೇ ಸುಂಕಮ್ಮ ಅವನನ್ನು ಕರೆಸಿ, ನಿನಗೆ ಮಲೇರಿಯಾ ಇದೆ, ಆರೋಗ್ಯ ಕೇಂದ್ರದಲ್ಲಿ ಔಷಧ ತಗೋ ಎಂದು ಕಳಿಸಿದ್ದರು. ಚೀಲ ಯಾರಿಗೆ ಹೋಯಿತೆಂದು ಅವನು ಕೇಳಿದ್ದ. ಅದನ್ನು ಹೇಳುವ ಹಾಗಿಲ್ಲ ಎಂದಿದ್ದರು. ಅವನೂ ಮತ್ತೆ ಕೇಳಿರಲಿಲ್ಲ.

ಆ ದಿನ ಅವನ ಮುಖ ಗಡುಸಾಗಿತ್ತು. ಕೂರಲು ಪ್ಲಾಸ್ಟಿಕ್ ಕುರ್ಚಿ ಕೊಟ್ಟ, ಆದರೆ ತಾನು ಕೂರಲಿಲ್ಲ.

“ನಮ್ಮ ರಕ್ತ ಬ್ಯಾಡ ಅಂದ್ರಂತಲ್ರೀ ಮೇಡಂ. ಈ ಕೈಲೆ ಎತ್ತಿದ ಕಬ್ಬಿಣ ಬೇಕು, ಈ ಕೈಯಾಗಿನ ರಕ್ತ ಬ್ಯಾಡ. ಹಂಗನಾ?”

“ಹಂಗಂತ ಒಪ್ಕೊಂಡಿದ್ರ ನಾ ಇಲ್ಲಿಗೆ ಯಾಕ ಬರ್ತಿದ್ದೆ?” ಎಂದರು ಸುಂಕಮ್ಮ. “ಆರೋಗ್ಯ ಕೇಂದ್ರದಾಗ ಕೊಟ್ಟ ಗುಳಿಗಿ ತಗೊಂಡಿಯೇನು?”

“ತಗೊಂಡೆ. ಮೂರು ದಿನಕ್ಕ ಆರಾಮಾತು.”

“ಹದಿನಾಲ್ಕು ದಿನಕ್ಕ ಕೊಟ್ಟಿರ್ತಾರ. ಉಳಿದವು?”

ಹೊನ್ನೂರುಸ್ವಾಮಿಯ ಮುಖ ಮೊದಲ ಬಾರಿಗೆ ಸಡಿಲವಾಯಿತು. ಒಳಗೆ ಹೋಗಿ, ಗೋಡೆಯ ಹಲಗೆಯ ಮೇಲಿದ್ದ ಒಂದು ಬಿಸ್ಕತ್ತಿನ ಡಬ್ಬಿ ತಂದು ಅವರ ಮುಂದೆ ಹಿಡಿದ. ಅದನ್ನು ಹಿಡಿದ ರೀತಿಯಲ್ಲಿ ಹೆಮ್ಮೆಯಿತ್ತು. ಡಬ್ಬಿಯ ತುಂಬ ಗುಳಿಗೆಗಳು. ಕತ್ತರಿಸಿದ ಪಟ್ಟಿಗಳು, ಒಂದೆರಡು ಗುಳಿಗೆ ಉಳಿದ ಪಟ್ಟಿಗಳು, ಕಾಗದದಲ್ಲಿ ಸುತ್ತಿಟ್ಟ ಬಿಡಿ ಗುಳಿಗೆಗಳು.

ಶೆಡ್ಡಿನಲ್ಲಿ ಹದಿನೆಂಟು ಜನ. ಒಂದು ಸೋಪು, ಒಂದು ಚಾರ್ಜರು, ಒಂದೇ ಒಲೆ. ಹಾಗೆಯೇ ಔಷಧವೂ. ಯಾರಿಗೇ ಜ್ವರ ಬಂದು ಗುಳಿಗೆ ಸಿಕ್ಕರೂ, ಜ್ವರ ಬಿಡುವ ತನಕ ತಿಂದು ಉಳಿದದ್ದನ್ನು ಡಬ್ಬಿಗೆ ಹಾಕಬೇಕು. ನಾಳೆ ಇನ್ನೊಬ್ಬ ಮಲಗಿದರೆ ಅವನು ಪಾಳಿ ಬಿಟ್ಟು ಆಸ್ಪತ್ರೆಗೆ ಹೋಗಬೇಕಿಲ್ಲ. ಆರಾಮಾದ ಮೇಲೂ ಒಬ್ಬನೇ ಕೂತು ಹದಿನಾಲ್ಕು ದಿನ ಗುಳಿಗೆ ನುಂಗುವವನು ಅವರ ಲೆಕ್ಕದಲ್ಲಿ ಸ್ವಾರ್ಥಿ. ಪಕ್ಕದ ಶೆಡ್ಡುಗಳಲ್ಲೂ ಇಂಥವೇ ಡಬ್ಬಿಗಳಿದ್ದವು.

ಸುಂಕಮ್ಮ ಆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಪಟ್ಟಿಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಆರು ತಿಂಗಳ ಸ್ಲೈಡುಗಳ ಉತ್ತರ ಅದರಲ್ಲಿತ್ತು. ಮೊದಲ ಮೂರು ದಿನದ ಗುಳಿಗೆ ರಕ್ತದಲ್ಲಿರುವ ರೋಗಾಣುವನ್ನು ಕೊಲ್ಲುತ್ತದೆ, ಜ್ವರ ಬಿಡುತ್ತದೆ. ಆದರೆ ವೈವ್ಯಾಕ್ಸ್ ಎಂಬುದು ಯಕೃತ್ತಿನಲ್ಲಿ ಅಡಗಿ ಮಲಗುತ್ತದೆ. ತಿಂಗಳುಗಳು ಕಳೆದ ಮೇಲೆ ಎದ್ದು ಮತ್ತೆ ರಕ್ತಕ್ಕಿಳಿಯುತ್ತದೆ. ಹದಿನಾಲ್ಕು ದಿನದ ಗುಳಿಗೆ ಇರುವುದು ಹಾಗೆ ಮಲಗಿದ್ದನ್ನು ಕೊಲ್ಲಲು. ಆ ಗುಳಿಗೆಗಳೆಲ್ಲ ಈ ಡಬ್ಬಿಯಲ್ಲಿದ್ದವು. ಶಿಬಿರದಲ್ಲಿ, ಮೂರು ತಿಂಗಳಲ್ಲಿ ಮಲೇರಿಯಾ ಆಗಿತ್ತೇ ಎಂದು ಕೇಳಿದರೆ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಡಬ್ಬಿಯ ಗುಳಿಗೆಯಲ್ಲಿ ಎರಡು ದಿನಕ್ಕೆ ಹೋದ ಜ್ವರವನ್ನು ಮಲೇರಿಯಾ ಎಂದು ಅವರಿಗೆ ಹೇಳಿದವರೇ ಇರಲಿಲ್ಲ. ಗುಳಿಗೆ ಹಂಚಿಕೊಂಡ ಅದೇ ಮನಸ್ಸಿನಿಂದ ರಕ್ತವನ್ನೂ ಕೊಟ್ಟಿದ್ದರು.

ಹೊನ್ನೂರುಸ್ವಾಮಿಗೆ ಇದನ್ನು ವಿವರಿಸಿದಾಗ ಅವನು ಡಬ್ಬಿಯ ಕಡೆ ನೋಡುತ್ತ ನಿಂತ. ಹಲಗೆಯ ಮೇಲೆ ಅದಕ್ಕೊಂದು ಜಾಗ ಮಾಡಿದವನೇ ಅವನು.

“ಅಂದ್ರ ನಾ ಕೊಟ್ಟ ಚೀಲದಾಗ...” ಎಂದು ಶುರುಮಾಡಿ ನಿಲ್ಲಿಸಿದ.

“ಅವ್ರು ಆರಾಮದಾರ,” ಎಂದರು ಸುಂಕಮ್ಮ. “ನಿನ್ನ ರಕ್ತದಿಂದನ ಆರಾಮದಾರ. ಅಷ್ಟು ಹೇಳಬಲ್ಲೆ.”

ಗುಳಿಗೆಗಳನ್ನು ಹದಿನಾಲ್ಕು ದಿನವೂ ತಿನ್ನಿ ಎಂದು ಹೇಳಿ ಬಂದುಬಿಟ್ಟರೆ ಯಾರೂ ತಿನ್ನುವುದಿಲ್ಲ ಎಂಬುದು ಸುಂಕಮ್ಮನವರಿಗೆ ಗೊತ್ತಿತ್ತು. ಆರಾಮಾದವನಿಗೆ ಗುಳಿಗೆ ನೆನಪಾಗುವುದಿಲ್ಲ. ಆದರೆ ಶೆಡ್ಡುಗಳಲ್ಲಿ ಯಾರೂ ತಪ್ಪಿಸದ ಒಂದು ಹೊತ್ತಿತ್ತು. ಅದು ದುರುಗವ್ವನವರ ಊಟದ ಹೊತ್ತು.

ಅರವತ್ತರ ದುರುಗವ್ವ ಆರು ಶೆಡ್ಡುಗಳಿಗೆ ಮೆಸ್ ನಡೆಸುತ್ತಾರೆ. ಬೆಳಿಗ್ಗೆಯಿಂದ ಜೋಳದ ರೊಟ್ಟಿ ಬಡಿಯುವ ಅವರ ಸದ್ದೇ ಅಲ್ಲಿಯ ಗಡಿಯಾರ. ಯಾವ ಪಾಳಿಯವನು ಎಷ್ಟು ಹೊತ್ತಿಗೆ ಬರುತ್ತಾನೆ, ಯಾರು ಖಾರ ತಿನ್ನುವುದಿಲ್ಲ, ಯಾರು ನಿನ್ನೆ ಊಟಕ್ಕೆ ಬರಲಿಲ್ಲ, ಎಲ್ಲ ಅವರ ಬಾಯಲ್ಲೇ ಇರುತ್ತದೆ. ಸುಂಕಮ್ಮ ಅವರ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ವಿಷಯ ಹೇಳಿದರು. ಈ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ತಿನ್ನಬಾರದು, ಊಟದ ಜೊತೆಗೇ ತಿನ್ನಬೇಕು ಎಂಬುದನ್ನೂ ಹೇಳಿದರು. ದುರುಗವ್ವ ರೊಟ್ಟಿ ತಿರುವಿ ಹಾಕುತ್ತ, ಮತ್ತದನ್ನು ಮೊದಲೇ ನನಗೆ ಯಾಕೆ ಹೇಳಲಿಲ್ಲ ಎಂಬಂತೆ ನೋಡಿದರು.

“ಗುಳಿಗಿ ನನ್ನ ಕೈಯಾಗ ಕೊಡ್ರಿ. ನುಂಗಿ ಬಾಯಿ ತೆಗೆದು ತೋರಿಸಿದವಗ ರೊಟ್ಟಿ. ಇಲ್ಲದವ ಹೋಟೆಲಿಗೆ ಹೋಗಲಿ.”

ಏಪ್ರಿಲ್‌ನಲ್ಲಿ ಆರೋಗ್ಯ ಕೇಂದ್ರದವರು ಬಂದು ಆರೂ ಶೆಡ್ಡುಗಳ ಎಲ್ಲರ ರಕ್ತ ತೆಗೆದರು. ಸ್ಲೈಡು ನೋಡಲು ಸುಂಕಮ್ಮ, ಪೂಜಿತಾ ಎರಡು ಭಾನುವಾರ ಹೋಗಿ ಕೂತರು. ಏಳು ಜನರಲ್ಲಿ ಸಿಕ್ಕಿತು. ವೈದ್ಯರು ಆ ಏಳು ಜನರ ಜೊತೆ ಹಿಂದೆ ಅರ್ಧಕ್ಕೆ ಬಿಟ್ಟಿದ್ದವರನ್ನೂ ಕರೆದು, ಯಾರಿಗೆ ಈ ಗುಳಿಗೆ ಒಗ್ಗುತ್ತದೆ, ಯಾರಿಗೆ ಒಗ್ಗದು ಎಂಬುದನ್ನು ಮೊದಲು ಪರೀಕ್ಷಿಸಿದರು. ಆಮೇಲೆ ಒಬ್ಬೊಬ್ಬರ ಹೆಸರಿನ ಪಟ್ಟಿಗಳು ದುರುಗವ್ವನವರ ಕೈಗೆ ಹೋದವು. ಹಿಟ್ಟಿನ ಕೈಯಲ್ಲೇ ಗುಳಿಗೆ ಕೊಟ್ಟು, ಹಿಟ್ಟಿನ ಕೈಯಲ್ಲೇ ಗದ್ದ ಹಿಡಿದು ಬಾಯಿ ನೋಡುತ್ತಿದ್ದರು. ಎತ್ತಿನ ಹಲ್ಲು ನೋಡಿದ ಹಾಗೆ ನೋಡ್ತಾಳೆ ಎಂದು ಹುಡುಗರು ಆಡಿಕೊಂಡರು. ಎಂಟನೆಯ ದಿನ ಒಬ್ಬ ಗುಳಿಗೆಯನ್ನು ನಾಲಿಗೆಯ ಕೆಳಗಿಟ್ಟು ಸಿಕ್ಕಿಬಿದ್ದ. ಅವನಿಗೆ ನಿಜಕ್ಕೂ ಆ ಹೊತ್ತು ರೊಟ್ಟಿ ಸಿಗಲಿಲ್ಲ. ಅಲ್ಲಿಂದಾಚೆಗೆ ಯಾರೂ ಆ ಸಾಹಸ ಮಾಡಲಿಲ್ಲ. ಹೊನ್ನೂರುಸ್ವಾಮಿ ಮೊದಲ ದಿನದಿಂದ ಹದಿನಾಲ್ಕನೆಯ ದಿನದ ತನಕ ತಾನಾಗಿಯೇ ಬಂದು, ಕೇಳುವ ಮೊದಲೇ ಬಾಯಿ ತೆಗೆದು ನಿಂತ. ಪಕ್ಕದ ಶೆಡ್ಡುಗಳ ಡಬ್ಬಿಗಳನ್ನು ಖಾಲಿ ಮಾಡಿಸಿದವನೂ ಅವನೇ.

2023ರ ಮಳೆಗಾಲ ಬಂತು. ಹೊಂಡಗಳು ತುಂಬಿದವು. ಶೆಡ್ಡುಗಳಲ್ಲಿ ಯಾರಿಗೆ ಮೈ ಬಿಸಿಯಾದರೂ ದುರುಗವ್ವ ಅವನನ್ನು ಊಟಕ್ಕೆ ಮೊದಲು ಆರೋಗ್ಯ ಕೇಂದ್ರಕ್ಕೆ ಅಟ್ಟುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಸುಂಕಮ್ಮ ಸಿದ್ದಲಿಂಗೇಶ್ ಅವರ ಮುಂದೆ ನಿಂತರು. ಒಂದು ಶಿಬಿರ ಮಾಡೋಣ, ಎಲ್ಲ ಸ್ಲೈಡು ಮುಗಿಯುವ ತನಕ ಒಂದು ಚೀಲವೂ ಕದಲುವುದಿಲ್ಲ, ಒಂದರಲ್ಲಿ ರೋಗಾಣು ಸಿಕ್ಕರೂ ಇನ್ನು ಕುರೆಕುಪ್ಪದ ಮಾತೆತ್ತುವುದಿಲ್ಲ ಎಂದರು. ಶೈಲಜಾ ಪಕ್ಕದಲ್ಲೇ ಇದ್ದರು. ಇಷ್ಟು ದೊಡ್ಡ ಮಾತು ಬೇಡ, ಒಂದೆರಡು ಬರುವುದು ಎಲ್ಲ ಕಡೆಯೂ ಸಹಜ ಎಂದು ತಡೆಯಲು ನೋಡಿದರು. ಅಷ್ಟರಲ್ಲಿ ಸಿದ್ದಲಿಂಗೇಶ್ ಆಗಲಿ ಎಂದುಬಿಟ್ಟಿದ್ದರು.

ಶಿಬಿರ ನಡೆದದ್ದು ದುರುಗವ್ವನವರ ಮೆಸ್ಸಿನ ಮುಂದಿನ ತಗಡಿನ ಚಪ್ಪರದಲ್ಲಿ. ಎಪ್ಪತ್ತೊಂದು ಜನ ಕೊಟ್ಟರು. ಹೊನ್ನೂರುಸ್ವಾಮಿ ಬೆಳಿಗ್ಗೆಯೇ ಸಾಲಿನಲ್ಲಿದ್ದ. ಹಿಂದೆ ಬಂದವರನ್ನೆಲ್ಲ ಮುಂದೆ ಬಿಡುತ್ತ ಬಿಡುತ್ತ ಕಡೆಯವನಾಗಿ ಮಲಗಿದ. ಅದು ಅವನ ಇಪ್ಪತ್ತೆರಡನೆಯ ಸಲ. ಸೂಜಿ ಚುಚ್ಚುವಾಗ ಯಾವತ್ತೂ ತಮಾಷೆ ಮಾಡುವವನು ಅಂದು ತಗಡನ್ನೇ ನೋಡುತ್ತ ಮಲಗಿದ್ದ.

ಬುಕ್ಕಸಾಗರದಿಂದ ಹಂಪಮ್ಮನೂ ಬಂದಿದ್ದರು. ನಡಿಗೆಯಲ್ಲಿ ಇನ್ನೂ ಸ್ವಲ್ಪ ಕುಂಟು. ಎರಡು ಗೊನೆ ಬಾಳೆಹಣ್ಣು ಆಟೊದಲ್ಲಿ ತಂದು, ರಕ್ತ ಕೊಟ್ಟು ಎದ್ದವರಿಗೆಲ್ಲ ಎರಡೆರಡು ಹಣ್ಣು ಕೊಡುತ್ತ ಕೂತಿದ್ದರು. ತಮಗೆ ಬಂದ ಚೀಲ ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ. ಹೊನ್ನೂರುಸ್ವಾಮಿ ಎದ್ದು ಬಂದಾಗ ಅವನ ಮೈಕಟ್ಟು ನೋಡಿ, ನಿನಗೆ ಎರಡು ಸಾಲದು ತಮ್ಮ ಎಂದು ಮೂರು ಹಣ್ಣು ಕೊಟ್ಟರು. ಅವನು ಅಲ್ಲೇ ನಿಂತು ಮೂರನ್ನೂ ತಿಂದ. ಆ ಚಪ್ಪರದ ಕೆಳಗೆ ಇಬ್ಬರನ್ನೂ ತಿಳಿದಿದ್ದವರು ಸುಂಕಮ್ಮ ಒಬ್ಬರೇ. ಅವರು ಟ್ಯೂಬುಗಳ ಮೇಲೆ ನಂಬರು ಅಂಟಿಸುತ್ತಿದ್ದರು. ಒಂದು ಚೀಟಿ ವಾರೆಯಾಯಿತು, ಕಿತ್ತು ಮತ್ತೆ ಅಂಟಿಸಿದರು.

ಸ್ಲೈಡು ನೋಡಲು ನಾಲ್ಕು ದಿನ ಹಿಡಿಯಿತು. ಮೊದಲ ದಿನ ಹದಿನೆಂಟು, ಏನೂ ಇಲ್ಲ. ಎರಡನೆಯ ದಿನ ಪೂಜಿತಾ ನಲವತ್ತನೆಯ ಸ್ಲೈಡಿನಲ್ಲಿ ಕೈ ನಿಲ್ಲಿಸಿ, ಅಕ್ಕಾ ಎಂದು ಕರೆದಳು. ಸುಂಕಮ್ಮ ಹೋಗಿ ನೋಡಿದರು. ನೀಲಿ ಮಚ್ಚೆಯೊಂದಿತ್ತು. ಗಾಜನ್ನು ಸ್ವಲ್ಪ ಸರಿಸಿ, ಬೆಳಕು ಏರಿಸಿ, ಇಳಿಸಿ ನೋಡಿದರು. ಮತ್ತೆ ಇನ್ನೊಂದು ಸ್ಲೈಡು ಮಾಡಿ, ಹೊಸದಾಗಿ ಬಣ್ಣ ಸೋಸಿ ಹಾಕಿ, ಮುನ್ನೂರು ಫೀಲ್ಡ್ ನೋಡಿದರು. ಬಣ್ಣದ ಚರಟ, ರೋಗಾಣುವಲ್ಲ. ಶೈಲಜಾ ಬಂದು ನೋಡಿ ಹೌದೆಂದರು. ಮೂರನೆಯ ದಿನ ಇಪ್ಪತ್ತು, ಏನೂ ಇಲ್ಲ.

ನಾಲ್ಕನೆಯ ದಿನ ಮಧ್ಯಾಹ್ನಕ್ಕೆ ಒಂದೇ ಉಳಿದಿತ್ತು. ಎಪ್ಪತ್ತೊಂದು. ಪೂಜಿತಾ ತಾನು ನೋಡಲೇ ಎಂದು ಕೇಳಿದಳು. ಸುಂಕಮ್ಮ ತಲೆಯಾಡಿಸಿ ತಾವೇ ಕೂತರು. ಅಷ್ಟರಲ್ಲಿ ಕಂಪ್ಲಿಯಿಂದ ಸಿದ್ದಲಿಂಗೇಶ್ ಬಂದು ಬಾಗಿಲಲ್ಲಿ ನಿಂತರು. ಏನೋ ಕೇಳಲು ಬಾಯಿ ತೆರೆದರು, ಎಡಗೈ ಎದ್ದಿತು. ಕಾರ್ಯದರ್ಶಿ ಸ್ಟೂಲೊಂದನ್ನು ಸದ್ದಿಲ್ಲದೆ ಎಳೆದುಕೊಂಡು ಕೂತರು.

ನೂರು. ನೂರೈವತ್ತು. ನೂರ ಅರವತ್ತೆಂಟರಲ್ಲಿ ಸುಂಕಮ್ಮನವರ ಬೆರಳು ಒಂದು ಗಳಿಗೆ ನಿಂತಿತು, ಮುಂದೆ ಸಾಗಿತು. ಅವರು ರೋಗಾಣುವನ್ನು ಹುಡುಕುತ್ತಿರಲಿಲ್ಲ. ರಕ್ತ ನೋಡುತ್ತ ಹೋಗುತ್ತಿದ್ದರು. ಇನ್ನೂರಕ್ಕೆ ನಿಲ್ಲಿಸಬಹುದಿತ್ತು. ಐನೂರು ನೋಡಿದರು. ಐನೂರೂ ಸ್ವಚ್ಛವಾಗಿದ್ದವು.

ತಲೆ ಎತ್ತಿ ಕತ್ತು ನೀವಿಕೊಂಡು, ರಿಜಿಸ್ಟರಿನಲ್ಲಿ ಎಪ್ಪತ್ತೊಂದರ ಮುಂದೆ ‘ಇಲ್ಲ’ ಎಂದು ಬರೆದು ಸಹಿ ಹಾಕಿದರು. ಅದರ ಮೇಲೆ ಎಪ್ಪತ್ತು ‘ಇಲ್ಲ’ಗಳು ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು. ಪುಸ್ತಕವನ್ನು ತಿರುಗಿಸಿ ಕಾರ್ಯದರ್ಶಿಯವರ ಮುಂದಿಟ್ಟರು. ಸಿದ್ದಲಿಂಗೇಶ್ ಬೆರಳಿಟ್ಟು ಮೇಲಿಂದ ಕೆಳಗಿನ ತನಕ ಓದಿದರು.

“ಒಂದು ಕಲ್ಲೂ ಇಲ್ಲಲ್ಲಕ್ಕ,” ಎಂದರು.

ಶೆಡ್ಡುಗಳ ಮೇಲಿನ ನಿರ್ಬಂಧ ತೆಗೆಯುವ ಪತ್ರವನ್ನು ಅವರು ಅಲ್ಲೇ ಶೈಲಜಾ ಅವರ ಮೇಜಿನ ಮೇಲೆ ಬರೆದುಕೊಟ್ಟರು. ಪ್ರತಿ ದಾನಿಯ ಸ್ಲೈಡು ನೋಡುವುದು ಖಾಯಂ ಎಂಬ ಸಾಲನ್ನು ಕೇಳದೆಯೇ ಸೇರಿಸಿದರು. ಸ್ಲೈಡು ನೋಡಲು ಇನ್ನೊಬ್ಬರನ್ನು ನೇಮಿಸಿಕೊಳ್ಳಿ ಎಂದು ಪೂಜಿತಾ ಹಿಂದಿನಿಂದ ಹೇಳಿದ್ದನ್ನೂ ಬರೆದುಕೊಂಡರು.

ಸುಂಕಮ್ಮ ಮೆಸ್ಸಿಗೆ ಫೋನು ಮಾಡಿದರು. ಎತ್ತಿದ್ದು ದುರುಗವ್ವ. ವಿಷಯ ಕೇಳಿದವರೇ ಫೋನನ್ನು ಹಿಟ್ಟಿನ ಮೇಲೆ ಬಿಟ್ಟು ಊಟಕ್ಕೆ ಕೂತವರಿಗೆಲ್ಲ ಸಾರಿದರು. ಆಚೆಯಿಂದ ತಟ್ಟೆ ಬಡಿಯುವ ಸದ್ದು, ಶಿಳ್ಳೆ, ಯಾರೋ ಯಾರನ್ನೋ ಬಯ್ಯುವ ದನಿ. ಬಹಳ ಹೊತ್ತಿನ ಮೇಲೆ ಹೊನ್ನೂರುಸ್ವಾಮಿಯ ದನಿ ಬಂತು.

“ಮೇಡಂ, ನಂದೂ?”

“ನಿಂದೂ. ಐನೂರು ಫೀಲ್ಡ್ ನೋಡೀನಿ.”

ಅವನು ಕೇಳಿದ. “ಮತ್ತ ಯಾವಾಗ ಬರ್ಲಿ?”

“ತೊಂಬತ್ತು ದಿನ ತಡಿ. ಅಲ್ಲೀಮಟ ರೊಟ್ಟಿ ತಿನ್ನು.”

ಫೋನಿಟ್ಟು ಹತ್ತು ನಿಮಿಷವಾಗಿರಲಿಲ್ಲ, ಸಂಡೂರಿನ ಆಸ್ಪತ್ರೆಯಿಂದ ಓ ನೆಗೆಟಿವ್ ಕೇಳಿಕೊಂಡು ಜನ ಬಂದರು. ಬಾಣಂತಿಯೊಬ್ಬರಿಗೆ ಬೇಕಿತ್ತು. ಸುಂಕಮ್ಮ ಫ್ರಿಜ್ ತೆರೆದು ಎಪ್ಪತ್ತೊಂದನೆಯ ನಂಬರಿನ ಚೀಲ ತೆಗೆದರು. ಬಾಣಂತಿಯ ರಕ್ತಕ್ಕೆ ಹೊಂದುತ್ತದೆಯೇ ಎಂದು ನೋಡುವ ಮ್ಯಾಚಿಂಗ್ ಮುಗಿಸಿ, ಚೀಟಿಯ ಮೇಲೆ ಸಹಿ ಹಾಕಿ, ಐಸ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಒತ್ತಿದರು. ಪೆಟ್ಟಿಗೆ ಹಿಡಿದವರು ಮೆಟ್ಟಿಲಿಳಿದು ಹೋಗುವುದನ್ನು ಕಿಟಕಿಯಿಂದ ನೋಡಿದರು. ಆಮೇಲೆ ಪೂಜಿತಾಳಿಗೆ ಹೇಳಿ ಎರಡು ಚಹಾ ತರಿಸಿದರು, ನಾಲ್ಕು ದಿನಗಳಲ್ಲಿ ಮೊದಲ ಬಾರಿಗೆ ತಮ್ಮದನ್ನು ಬಿಸಿಬಿಸಿಯಾಗಿ ಕುಡಿದರು.